ಕೊನೆಯ ಭಾಗದಲ್ಲಿ ನಡುಗಿದ ತಂತಿ

ಅರ್ಪಿತಾ,

ಹೆಸರಿನ ಮುಂದೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡೆ.

ಆಡಮ್ಸ್‌ಟೌನಿನ ಹೊಸ ಮನೆಯಿಂದ ನೀನು ಕಳಿಸಿದ ವಾಯ್ಸ್ ಮೆಸೇಜು ಬಂತು. ಗೃಹಪ್ರವೇಶದ ಕರೆ ಮುಗಿದ ಮೇಲೆ ದನಿ ತಗ್ಗಿಸಿ ಕೇಳಿದ್ದೀಯ: "ಅವತ್ತು ನಂಗೆ ಎಲ್ಲಿ ತಪ್ಪಾಯ್ತು ಅಂತ ಇವತ್ತಿಗೂ ಗೊತ್ತಾಗ್ತಿಲ್ಲ ಕಣೆ. ಸೆನ್ಸೇ ಹೇಳ್ಲೇ ಇಲ್ಲ. ನಿಂಗೇನಾದ್ರೂ ಅನ್ಸಿದ್ರೆ ಹೇಳು." ಹೇಳುತ್ತೇನೆ. ಫೋನಿನಲ್ಲಿ ಬೇಡ, ಅಲ್ಲಿ ನೀನೇ ಮಾತಾಡುತ್ತೀಯ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಇಲ್ಲಿ ಕಾರ್ಕಿನ ಡಗ್ಲಸ್ಸಿನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದಾಗ, ಜಪಾನಿ ಟೀಚರ್ ಹಿಸಾಕೊ ಸೆನ್ಸೇ ಅವರ ಕೊಟೊ ತರಗತಿಗೆ ನಿನ್ನನ್ನು ಕರೆದುಕೊಂಡು ಹೋದವಳು ನಾನು. ಆಳುದ್ದದ ಆ ಮರದ ವಾದ್ಯ, ಅದರ ಹದಿಮೂರು ತಂತಿ, ಒಂದೊಂದು ತಂತಿಯನ್ನೂ ಎತ್ತಿ ಹಿಡಿಯುವ ಒಂದೊಂದು ಪುಟ್ಟ ಕುದುರೆ ನೋಡಿ ನೀನು, "ಏನೇ ಇದು, ಇಸ್ತ್ರಿ ಟೇಬಲ್ಲಾ?" ಎಂದೆ. ಸೆನ್ಸೇಗೆ ಕನ್ನಡ ಬರುವುದಿಲ್ಲವಲ್ಲ ಎಂದು ನೆಮ್ಮದಿಯಾಯಿತು. ನಿನಗದು ಶನಿವಾರದ ಹೊತ್ತು ಕಳೆಯುವ ದಾರಿ. ನನಗೆ ಹಾಗಿರಲಿಲ್ಲ. ಸಾಹಿತ್ಯದಲ್ಲಿ ಎಂಎ ಮಾಡಿ ಶಾಪಿಂಗ್ ಸೆಂಟರಿನಲ್ಲಿ ಶೆಲ್ಫಿಗೆ ಶಾಂಪೂ ಜೋಡಿಸುತ್ತಿದ್ದವಳು ನಾನು. ವಾರದಲ್ಲಿ ಆ ಒಂದು ಗಂಟೆ ಮಾತ್ರ ನನ್ನದು ಅನ್ನಿಸುತ್ತಿತ್ತು.

ಸೆನ್ಸೇ ಎದುರಿಗೆ ಕೂತು ಮೊದಲು ಬಾಯಲ್ಲಿ ಹೇಳಿಕೊಡುತ್ತಿದ್ದರು. ತೋನ್, ತೇನ್, ಕೊರೊರಿನ್. ನಮ್ಮ ಮೃದಂಗದವರು ತದಿಗಿಣತೋಂ ಹೇಳುವಂತೆ, ಅಲ್ಲಿ ತಂತಿಗೂ ಬಾಯಿಪಾಠ. ಬಾಯಿಗೆ ಬಂದ ಮೇಲೆಯೇ ಬೆರಳಿಗೆ ಮೀಟುವ ಉಗುರು ತೊಡಿಸುವುದು. ಹಿಂದಿನ ಕಾಲದಲ್ಲಿ ಈ ವಾದ್ಯ ಕುರುಡು ವಾದಕರ ಸಂಘದ ಕೈಯಲ್ಲಿತ್ತಂತೆ. ನುಡಿಕೆಗಳೇ, ಅಂದರೆ ನುಡಿಸುವ ಕೃತಿಗಳೇ, ಅವರ ಆಸ್ತಿ, ಕೆಲವನ್ನು ಆಯ್ದ ಶಿಷ್ಯರಿಗಷ್ಟೇ ಕೊಡುತ್ತಿದ್ದರಂತೆ. ಅಲ್ಲಿನ ಸರ್ಕಾರ ಆ ಸಂಘವನ್ನು ಮುಚ್ಚಿಸಿ ನೂರೈವತ್ತು ವರ್ಷವಾದರೂ ಸೆನ್ಸೇ ಆ ಪದ್ಧತಿ ಬಿಟ್ಟಿರಲಿಲ್ಲ. ಇಲ್ಲಿ ಕಲಿತದ್ದು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೋಗಬಾರದು. ನಿನ್ನೆದುರಿಗೇ ಹೇಳಿದ್ದರು.

ಆಮೇಲೆ ಆ ಸುದ್ದಿ ಬಂತು. ಸೆನ್ಸೇಯ ಗುರುಗಳು ಕ್ಯೋಟೊದಿಂದ ಮೇ ತಿಂಗಳಲ್ಲಿ ಬರುತ್ತಾರೆ, ಸಂಗೀತ ಕಚೇರಿಯಲ್ಲಿ ಒಬ್ಬ ಶಿಷ್ಯೆಯಿಂದ ಒಂದು ಹಳೆಯ ನುಡಿಕೆ ಕೇಳುತ್ತಾರೆ, ಒಪ್ಪಿಗೆಯಾದರೆ ಒಂದು ವರ್ಷ ತಮ್ಮ ಮನೆಯಲ್ಲೇ ಇಟ್ಟುಕೊಂಡು ಕಲಿಸುತ್ತಾರೆ. ಸೆನ್ಸೇ ನನ್ನ ಹೆಸರು ಹೇಳಿದರು. ಬಸ್ಸಿನಲ್ಲಿ ನನ್ನ ಕೈ ಹಿಡಿದು "ನಾನು ಜಪಾನಿಗೆ ಬಂದ್ರೆ ನಿನ್ ಮನೇಲೇ ಉಳ್ಕೊಳ್ಳೋದು" ಎಂದೆಯಲ್ಲ, ನಾನು ನಂಬಿದ್ದೆ ಅರ್ಪಿತಾ. ನಿನ್ನ ಮಾತನ್ನು ನಂಬುವುದು ಆಗ ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಯುಗಾದಿಯ ದಿನ ಕಾರ್ಕ್ ಕನ್ನಡಿಗರೆಲ್ಲ ಸೇರಿದ್ದ ಸಮುದಾಯ ಭವನದಲ್ಲಿ ನನ್ನನ್ನು ಎಬ್ಬಿಸಿದವಳು ನೀನು. "ಆ ತೋನ್ ತೇನ್ ಹೇಳೇ, ಮಕ್ಕಳಿಗೆ ಮಜಾ ಇರತ್ತೆ. ನಾಚ್ಕೊಂಡೇ ಸಾಯ್ತೀಯಾ?" ಜನರ ಮುಂದೆ ನಾನು ಬಾಯಿ ತೆರೆದದ್ದೇ ಅದೊಂದು ಸಲ. ನಾಗಮಣಿ ಆಂಟಿಯ ಮೊಮ್ಮಗ "ದಟ್ಸ್ ಗ್ರಾಂಡ್, ಸೇ ಇಟ್ ಅಗೇನ್!" ಎಂದು ಕುಣಿದ. ನಾನು ನಗುತ್ತಾ ಮತ್ತೆ ಹೇಳಿದೆ. ನೀನು ಫೋನಿನಲ್ಲಿ ವಿಡಿಯೋ ಹಿಡಿದೆ.

ಮುಂದಿನ ವಾರ ಸೆನ್ಸೇಯಿಂದ ಚಿಕ್ಕ ಸಂದೇಶ ಬಂತು. ಸ್ವಲ್ಪ ಕಾಲ ನೀವು ಬರುವುದು ಬೇಡ. ಕಾರಣವಿರಲಿಲ್ಲ. ನೀನು ಚಹಾ ಮಾಡಿಕೊಟ್ಟು, "ಅಯ್ಯೋ, ಯಾಕಂತೆ?" ಎಂದು ನನ್ನ ಬೆನ್ನು ಸವರಿದೆ. ಕಾರಣ ಹೇಳಿದ್ದು ಬರ್ನಡೆಟ್ ಅಕ್ಕ, ನಮ್ಮ ಜೊತೆಗೇ ಕಲಿಯುತ್ತಿದ್ದ ಕುಂದಾಪುರದ ನರ್ಸಕ್ಕ. ಪಾಠಕ್ಕೆ ಬೇಗ ಬಂದು ಬಾಗಿಲ ಹೊರಗೆ ಶೂ ಬಿಚ್ಚುತ್ತಿದ್ದಾಗ ಎಲ್ಲ ಕೇಳಿಸಿಕೊಂಡಿದ್ದರು. "ನಿನ್ನ ಫ್ರೆಂಡ್ ಎಂತ ಮಾಡಿದ್ದಾಳೆ ಗೊತ್ತುಂಟಾ ಮಾರಾಯ್ತಿ? ವಿಡಿಯೋ ತೋರ್ಸಿ, ಇವಳು ನಿಮ್ಮ ಪಾಠ ಊರಿಗೆಲ್ಲ ಹಂಚ್ತಾಳೆ ಅಂತ ಹೇಳಿ ಬಂದಿದ್ದಾಳೆ. ಆ ಜಾಗ ಈಗ ಅವಳಿಗಂತೆ."

ನಾನು ಅಳಲಿಲ್ಲ. ಜಗಳವಾಡಲೂ ಇಲ್ಲ. ನಿನಗೆ ಚಪಾತಿ ಮಾಡಿಟ್ಟೆ. ಮಾತು ಕಡಿಮೆ ಇರುವವರ ಸಿಟ್ಟು ಕಾಣಿಸುವುದಿಲ್ಲ, ಅದಕ್ಕೇ ನಿನಗೆ ಕಾಣಲಿಲ್ಲ.

ಅದೇ ತಿಂಗಳು ಸೆನ್ಸೇ ತಾಯಿಗೆ ಹುಷಾರಿಲ್ಲವೆಂದು ಜಪಾನಿಗೆ ಹೋದರು. ಗುರುಗಳ ಜೊತೆಗೇ ಮರಳುವವರಿದ್ದರು. ನಿನಗೆ ಕಚೇರಿಯ ಆ ನುಡಿಕೆಯ ಕೊನೆಯ ಭಾಗ ಇನ್ನೂ ಪಾಠ ಆಗಿರಲಿಲ್ಲ. ಆದರೆ ಬರುತ್ತದೆ ಎಂದು ನೀನು ಸೆನ್ಸೇಗೆ ಹೇಳಿಬಿಟ್ಟಿದ್ದೆ. ನೀನು ಅಡುಗೆಮನೆಗೆ ಬಂದು, ಕೊತ್ತಂಬರಿ ಬಿಡಿಸುತ್ತಾ, "ಸೆನ್ಸೇ ಯಾಕೋ ನನ್ನನ್ನ ಹಾಕಿದ್ದಾರೆ ಕಣೆ, ನಂಗೇ ಮುಜುಗರ. ಕೊನೇ ಭಾಗ ಒಂದ್ಸಲ ಬಾಯಲ್ಲಿ ಹೇಳ್ಕೊಡ್ತೀಯಾ?" ಎಂದೆ.

ಆ ನುಡಿಕೆ ಹೇಗಿದೆ ಎಂದು ನಿನಗೆ ಗೊತ್ತು. ನಿಧಾನವಾಗಿ ಹೊರಟು, ಮುರಿದು, ಓಡಿ, ಕಡೆಗೆ ಮತ್ತೆ ನಿಧಾನಕ್ಕೆ ಇಳಿಯುತ್ತದೆ. ಇಳಿದಲ್ಲಿ ಒಂದು ಸ್ವರವನ್ನು ಮೀಟಿ ಹಾಗೇ ಬಿಟ್ಟುಬಿಡಬೇಕು. ನನ್ನದು ಚಿಕ್ಕಂದಿನಿಂದ ವೀಣೆ ಹಿಡಿದ ಕೈ. ಸ್ವರ ಸುಮ್ಮನೆ ನಿಂತರೆ ತಡೆಯಲಾಗದೆ, ಎಡಗೈ ತಾನಾಗಿ ತಂತಿ ಒತ್ತಿ ಗಮಕ ಕೊಡುತ್ತಿತ್ತು. ಬಾಯಲ್ಲಿ ಹೇಳುವಾಗಲೂ ದನಿ ಅಲ್ಲಿ ತೂಗುತ್ತಿತ್ತು. "ಅಲ್ಲಿ ಏನೂ ಮಾಡಬೇಡಿ. ಅದು ತಾನಾಗಿ ಸಾಯಲಿ" ಎಂದು ಸೆನ್ಸೇ ಒಂದು ಚಳಿಗಾಲವಿಡೀ ತಿದ್ದಿದ್ದರು. ಅವರ ಶಿಷ್ಯರಲ್ಲಿ ಆ ಕೆಟ್ಟ ಚಾಳಿ ಇದ್ದದ್ದು ನನಗೊಬ್ಬಳಿಗೇ.

ನಿನಗೆ ನಾನು ಹೇಳಿಕೊಟ್ಟದ್ದು ಆ ಚಾಳಿಯ ಸಮೇತ. ನೀನು ಸ್ವರವನ್ನು ನೆಟ್ಟಗೆ ಬಿಟ್ಟಾಗ, "ಹಾಗಲ್ಲ, ಇನ್ನೂ ಒತ್ತು, ಇನ್ನೂ ನಡುಗಲಿ" ಎಂದು ತಿದ್ದಿದೆ. ನೀನು ಜಾಣೆ, ಬೇಗ ಕಲಿತೆ. "ಸರಿ ಇದ್ಯಾ?" ಎಂದೆ. "ಗ್ರಾಂಡ್ ಇದೆ" ಎಂದೆ ನಾನು.

ತಪ್ಪಾದದ್ದು ಅಲ್ಲಿ.

ಕಚೇರಿಯ ದಿನ ನಾನು ಹಿಂದಿನ ಸಾಲಿನಲ್ಲಿದ್ದೆ. ನೀನು ಚೆನ್ನಾಗಿಯೇ ನುಡಿಸಿದೆ, ಅಸೂಯೆಯಾಗುವಷ್ಟು. ಆ ಸ್ವರ ಬಂತು. ನೀನು ಮನಸ್ಸಿಟ್ಟು ಅಲುಗಾಡಿಸಿದೆ. ಸಭೆಗೆ ಅದು ಸೊಗಸಾಗಿಯೇ ಕೇಳಿಸಿರಬೇಕು. ಗುರುಗಳು ತಲೆ ಎತ್ತಿದರು. ಸೆನ್ಸೇ ಮಾತ್ರ ವೇದಿಕೆಯತ್ತ ನೋಡಲಿಲ್ಲ. ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, ಸಾಲು ಸಾಲು ಹುಡುಕಿ, ನನ್ನನ್ನು ಕಂಡರು. ಕದ್ದು ಪಾಠ ಕೇಳಿದವಳು ಯಾರು, ಕೊಟ್ಟವಳು ಯಾರು, ಎಲ್ಲ ಅವರಿಗೆ ಆಗಲೇ ತಿಳಿದುಹೋಯಿತು. ಸಂಜೆ ನಿನಗೆ "ಇನ್ನು ಬರಬೇಡಿ" ಎಂದರು. ನೀನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾನು ಬಾಗಿಲ ಹೊರಗೆ ನಿಂತು ಪೂರ್ತಿ ಕೇಳಿದೆ.

ನನಗೂ ಮರುದಿನ ಫೋನ್ ಬಂತು. ನನ್ನನ್ನು ವಾಪಸು ಕರೆಯುತ್ತಾರೆ ಎಂದುಕೊಂಡಿದ್ದೆ. "ಅವಳಿಗೆ ಮೋಸ ಮಾಡಿದ್ದು ನಿಮ್ಮಿಬ್ಬರ ವಿಷಯ. ನೀವು ನುಡಿಕೆಯನ್ನೇ ಕೆಡಿಸಿ ಕೊಟ್ಟಿರಿ. ನಿಮಗೂ ಇನ್ನು ಪಾಠವಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಹಿಸುತ್ತಿದ್ದೆ.

ಕ್ಯೋಟೊಗೆ ಹೋಗುತ್ತಿರುವುದು ಬರ್ನಡೆಟ್ ಅಕ್ಕ. "ನಂಗೆ ಆಸೆಯೇ ಇರ್ಲಿಲ್ಲ ಮಾರಾಯ್ತಿ, ಲೀವ್ ಸಿಕ್ತು, ಹೊರಟೆ" ಎನ್ನುತ್ತಾರೆ.

ಆ ದೇಶದಲ್ಲೇ, ಕಡಲ ಯುದ್ಧದಲ್ಲಿ ಸೋತು ಮುಳುಗಿದ ಒಂದು ಮನೆತನದ ಕಥೆಯನ್ನು ಕುರುಡು ಗಾಯಕರು ಊರೂರಲ್ಲಿ ಹಾಡುತ್ತಿದ್ದರಂತೆ, ಸತ್ತವರ ಸಿಟ್ಟು ಇಳಿಯಲೆಂದು. ಬರೆದರೆ ನನ್ನದೂ ಇಳಿದೀತು ಎಂದುಕೊಂಡಿದ್ದೆ. ಇಷ್ಟು ಬರೆದೆ, ಇಳಿದಿಲ್ಲ. ಆ ಒಂದು ವರ್ಷ ನನಗೆ ಸಿಗಲಿಲ್ಲ. ನಿನಗೂ ಸಿಗಲಿಲ್ಲ. ಬೆಳಿಗ್ಗೆ ಗಾಳಿಯಲ್ಲಿ ಬಸ್ಸಿಗೆ ಕಾಯುವಾಗ ಆ ಎರಡನೆಯದನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ.

ಗೃಹಪ್ರವೇಶಕ್ಕೆ ನಾನು ಬರುವುದಿಲ್ಲ. ಹಾಲು ಚೆನ್ನಾಗಿ ಉಕ್ಕಲಿ. ಆ ಮನೆಯಲ್ಲಿ ನಿನ್ನ ಜೊತೆ ಇರಲು ಒಬ್ಬ ಗೆಳತಿ ಸಿಗಲಿ, ನಿನಗಿಂತ ಸ್ವಲ್ಪ ಒಳ್ಳೆಯವಳು, ನನಗಿಂತ ಬಹಳ ಮರೆಗುಳಿ.

ಇಂತಿ, ಇನ್ನು ನಿನಗೆ ಯಾರೂ ಅಲ್ಲದ
ಜ್ಯೋತ್ಸ್ನಾ