ಬೀಗರ ಬಡಾವಣೆ

ಹಳೆ ಮನೆ, ಮೂರನೇ ಮಹಡಿ,
ಅಡುಗೆಮನೆ ಕಿಟಕಿಯ ಪಕ್ಕ,
ಗುರುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಮೊದಲು ಕೂತುಕೋ. ಇದು ನಿಂತು ಓದುವ ಸುದ್ದಿಯಲ್ಲ. ಈಚೆಗೆ ಒಂದು ಸಂಜೆ ನದಿಗೆ ಬಿದ್ದದ್ದಾಯಿತು. ನಡುನೀರು, ಜೋರು ಗಾಳಿ. ದೋಣಿಯಲ್ಲಿದ್ದವರೆಲ್ಲ ‘ಅಯ್ಯೋ ಅಯ್ಯೋ’ ಅಂದರೇ ಹೊರತು ಒಬ್ಬರೂ ನೀರಿಗೆ ಹಾರಲಿಲ್ಲ. ಒಂದು ಸಲ ಮುಳುಗಿ ಎದ್ದದ್ದು ಕಂಡಿತು, ಆಮೇಲೆ ಅದೂ ಕಾಣಲಿಲ್ಲ. ನೀನು ಕೊಡಿಸಿದ ಬೂದು ಟೋಪಿ ಹಾಗೆ ಹೋಯಿತು. ತಲೆ ಕ್ಷೇಮವಾಗಿದೆ, ಒಳಗೆ ಮೊದಲಿನಷ್ಟೇ ಖಾಲಿ. ಬೈಯುವುದಿದ್ದರೆ ಮೆಲ್ಲಗೆ ಬೈಯಿ, ಇಲ್ಲದಿದ್ದರೆ ನಿಮ್ಮಕ್ಕ ಏನಾಯಿತೋ ಅಂತ ಗಾಬರಿಯಲ್ಲಿ ಕೋಲು ಮರೆತು ಎದ್ದು ಬಂದಾರು.

ಅವರ ಸೊಂಟ ಹೇಗಿದೆ? ಮೆಟ್ಟಿಲು ಇಳಿಯುತ್ತಾರಾ? ನಿನ್ನ ಮಂಡಿ? ಅಲ್ಲಿನ ಚಳಿಗೆ ಕಾಲಿಗೆ ಏನಾದರೂ ಸುತ್ತಿಕೊಂಡು ಮಲಗು. ಪೂರ್ತಿ ವಾಸಿಯಾಗುವ ತನಕ ಅವರಿಗೆ ನನ್ನ ಕಾಗದ ಓದಿ ಹೇಳಬೇಡ, ನಕ್ಕರೆ ಸೊಂಟ ಹಿಡಿದುಕೊಳ್ಳುತ್ತದೆ. ಹೋದ ಸಲದ ನಿನ್ನ ಕಾಗದದಲ್ಲಿ ಎಲ್ಲ ಚೆನ್ನಾಗಿತ್ತು, ಕೊನೆಯ ಸಾಲೊಂದನ್ನು ಬಿಟ್ಟು. ‘ಇಲ್ಲೂ ಹೊಲಿಗೆ ಕೆಲಸ ಸಿಗುತ್ತಂತೆ, ಅಕ್ಕ ಇಲ್ಲೇ ಇದ್ದುಬಿಡು ಅಂತಾಳೆ’ ಅಂತ ಬರೆದು, ಅದರ ಕೆಳಗೆ ಏನೂ ಆಗದವಳ ಹಾಗೆ ‘ಹಾಲು ಮುಚ್ಚಿಡಿ’ ಅಂತ ಬರೆದಿದ್ದೀ. ಅವತ್ತಿನಿಂದ ಹಾಲು ಮುಚ್ಚಿಯೇ ಇದೆ. ನನಗೆ ಮಾತ್ರ ಕಣ್ಣು ಮುಚ್ಚಲಾಗಿಲ್ಲ.

ನೀನು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಕಿವಿಯಲ್ಲೇ ಇದೆ: ‘ರೀ, ನಾನು ಬರೋ ಹೊತ್ತಿಗೆ ನದಿ ಆಚೆ ಒಂದು ಮನೆ ಗೊತ್ತಾಗಿರ್ಬೇಕು. ನಾನು ದಿನಾ ಕೆಲಸಕ್ಕೆ ಹೋಗಿ ಬರೋ ಹಾಗಿರ್ಬೇಕು. ಈ ಸಲವೂ ಆಟ ಆಡಿದ್ರೆ ನಾನು ಬರೋದೇ ಇಲ್ಲ. ತಮಾಷೆ ಅಲ್ಲ.’ ತಮಾಷೆ ಅಲ್ಲ ಅಂತ ಗೊತ್ತಾಗಿತ್ತು ಕಣೇ. ನೀನು ತಮಾಷೆ ಮಾಡುವಾಗ ಎಡಗಣ್ಣು ಸಣ್ಣದಾಗುತ್ತದೆ, ಅವತ್ತು ಎರಡೂ ಕಣ್ಣು ದೊಡ್ಡದಾಗಿಯೇ ಇದ್ದವು. ಈ ಕಟ್ಟಡ ಕೆಡವುವುದು ಖಂಡಿತ. ಮೇಲಿನ ಮಹಡಿಯವರು ಹೋದರು, ಕೆಳಗಿನವರೂ ಹೋದರು, ನಡುವೆ ನಾನೊಬ್ಬ ಉಳಿದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಪಾತ್ರೆಗಳ ಗಂಟು ಕಟ್ಟಿದೆ, ಟೀ ಬೇಕಾಯಿತು ಅಂತ ಬಿಚ್ಚಿದೆ, ಮತ್ತೆ ಕಟ್ಟಿದೆ. ಊರೆಲ್ಲ ಬೋರ್ಡು ಬರೆದವನಿಗೆ ಸ್ವಂತ ವಿಳಾಸ ಬರೆಯುವುದು ಎಷ್ಟು ಕಷ್ಟ ನೋಡು. ಬಾಡಿಗೆ ಮನೆ ಹುಡುಕಿ ಹುಡುಕಿ ನಾನೇ ಬಾಡಿಹೋದೆ.

ಬ್ರೋಕರ್ ಸಿಕ್ಕಿದ್ದಾನೆ. ಸೊಂಟದಲ್ಲಿ ಇಷ್ಟು ದಪ್ಪ ಬೀಗದ ಕೈ ಗೊಂಚಲು, ನಡೆದರೆ ಜಾತ್ರೆಗೆ ಹೊರಟ ಎತ್ತಿನ ಸದ್ದು. ಅವನಿಗೆ ‘ಗೊಂಚಲು’ ಅಂತಲೇ ಹೆಸರಿಟ್ಟಿದ್ದೇನೆ, ಕರೆದರೆ ತಿರುಗುತ್ತಾನೆ ಕೂಡ. ಅವನು ಆಚೆ ದಡದಲ್ಲಿ ಮೂರು ಕಡೆ ತೋರಿಸಿದ. ಅವನ ಮಾತು ನಂಬಿ ಒಪ್ಪುವವನು ನಾನಲ್ಲ, ನನ್ನದೇ ಪರೀಕ್ಷೆ ಇಟ್ಟುಕೊಂಡೆ. ಪ್ರತಿ ಕಡೆಯೂ ಹೋಗಿ, ಕಂಡವರನ್ನೆಲ್ಲ ‘ಮೀಸೆ ಮೇಷ್ಟ್ರ ಮನೆ ಯಾವುದು?’ ಅಂತ ಕೇಳುವುದು. ಅಂಥ ಮನುಷ್ಯ ಹುಟ್ಟೇ ಇಲ್ಲ. ಇರುವವನ ಮನೆಯನ್ನು ಯಾರು ಬೇಕಾದರೂ ತೋರಿಸುತ್ತಾರೆ. ಇಲ್ಲದವನನ್ನು ಕೇಳಿದಾಗ ಬೀದಿಯ ಗುಣ ಹೊರಬೀಳುತ್ತದೆ. ಇನ್ನೊಂದು ಪರೀಕ್ಷೆ ನಿನ್ನ ಸಲುವಾಗಿ. ನಿನ್ನ ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡು, ಒಳಗೆ ದೊಡ್ಡ ಕತ್ತರಿ, ಊಟದ ಡಬ್ಬಿ, ಛತ್ರಿ ಎಲ್ಲ ತುಂಬಿ, ನೀನು ಹೋಗುವ ಹೊತ್ತಿಗೇ ಹೋಗಿ ನೀನು ಬರುವ ಹೊತ್ತಿಗೇ ಬರುವುದು. ನಾಟಕಶಾಲೆಯ ಹಿಂಬಾಗಿಲ ತನಕ ಹೋಗಿ ಮುಟ್ಟಿ ಬರುತ್ತಿದ್ದೆ. ನಿಮ್ಮ ಹೊಲಿಗೆ ಕೋಣೆಯ ಹುಡುಗಿಯರು ಕಿಟಕಿಯಿಂದ ನೋಡಿ, ‘ಅಕ್ಕನ ಚೀಲ ಒಂದೇ ಬಂತು, ಅಕ್ಕ ಎಲ್ಲಿ?’ ಅಂತ ಕೂಗಿದರು. ರಾಜನ ನಿಲುವಂಗಿಗೆ ತೋಳು ಕೂರುತ್ತಿಲ್ಲವಂತೆ, ನಿನ್ನನ್ನೇ ಕಾಯುತ್ತಿದ್ದಾರೆ.

ಮೊದಲನೆಯದು ಸೇತುವೆ ಬುಡದಲ್ಲಿ. ಕತ್ತು ನೋಯುವಷ್ಟು ಎತ್ತರದ ಮನೆಗಳು, ಗಾಜು, ಕಾರಂಜಿ. ಬಾಗಿಲಲ್ಲಿ ಮನುಷ್ಯರಿಲ್ಲ, ಗೋಡೆಯಲ್ಲಿ ಒಂದು ಡಬ್ಬಿ ಇದೆ, ಅದೇ ಮಾತಾಡುತ್ತದೆ. ‘ಮೀಸೆ ಮೇಷ್ಟ್ರು ಇದ್ದಾರಾ?’ ಅಂದೆ. ‘ಫ್ಲ್ಯಾಟ್ ನಂಬರ್ ಹೇಳಿ’ ಅಂತು. ‘ನಂಬರ್ ಗೊತ್ತಿಲ್ಲ, ಮೀಸೆ ಗೊತ್ತು’ ಅಂದೆ. ‘ಫ್ಲ್ಯಾಟ್ ನಂಬರ್ ಹೇಳಿ.’ ಬಡಾವಣೆಯಲ್ಲ ಅದು, ಬರೀ ಬಡಾಯಿ. ಬಸ್ಸಿನ ಕಥೆ ಅದಕ್ಕಿಂತ ಚೆಂದ. ಸೇತುವೆಯ ನಡುವೆ ನಿಂತ ಬಸ್ಸು ಅಲ್ಲಾಡಲಿಲ್ಲ. ಅಲ್ಲಿಂದ ನಮ್ಮ ಅಡುಗೆಮನೆ ಕಿಟಕಿ ಕಾಣುತ್ತದೆ, ಗೊತ್ತಾ? ನಮ್ಮ ಮನೆ ನೋಡುತ್ತಾ ನೋಡುತ್ತಾ ನಮ್ಮ ಮನೆಗೆ ತಲುಪಲಾಗದೆ ಕೂತಿದ್ದೆ. ಪಕ್ಕದಲ್ಲಿದ್ದವರು ಆಗಲೇ ಊಟದ ಡಬ್ಬಿ ತೆಗೆದರು. ಸೇತುವೆಯಲ್ಲ, ಸೋತುವೆ.

ಎರಡನೆಯದು ದೋಣಿ ಕಟ್ಟೆಯ ಹಿಂದಿನ ಬೀದಿ. ಅಯ್ಯೋ, ಏನು ಬೀದಿ ಇವಳೇ! ಎಲ್ಲರ ಬಾಯಲ್ಲೂ ಮಾತು, ಎಲ್ಲರ ಕಿವಿಯೂ ಬೇರೆಯವರ ಮನೆಯಲ್ಲಿ. ಬೋರ್ಡುಗಳೋ, ಬಣ್ಣ ಹೋಗಿ ನನ್ನನ್ನೇ ಕರೆಯುತ್ತಿದ್ದವು. ಮೀಸೆ ಮೇಷ್ಟ್ರನ್ನು ಕೇಳಿದ್ದೇ ತಡ, ಒಬ್ಬಳು ಎಡಕ್ಕೆ ಅಂದಳು, ಇನ್ನೊಬ್ಬ ಬಲಕ್ಕೆ ಅಂದ. ಕ್ಷೌರದಂಗಡಿಯವನು ಮಾತ್ರ ಕತ್ತಿ ಒರೆಸಿಕೊಳ್ಳುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: ‘ಮೀಸೆ ಮೇಷ್ಟ್ರಾ? ಈಗ ಹಾಗೆ ಕೇಳಿದ್ರೆ ಯಾರೂ ಹೇಳಲ್ಲ ಸ್ವಾಮಿ. ಮೊನ್ನೆ ನಾನೇ ಬೋಳಿಸ್ಬಿಟ್ಟೆ. ಈಗ ಬರೀ ಮೇಷ್ಟ್ರು.’ ಇಷ್ಟು ವರ್ಷದಲ್ಲಿ ನನ್ನ ಆಟವನ್ನು ನನಗೇ ತಿರುಗಿಸಿ ಕೊಟ್ಟ ಮೊದಲ ಗಂಡಸು! ಅವನನ್ನು ತಬ್ಬಿಕೊಳ್ಳೋಣ ಅನ್ನಿಸಿತು, ಕೈಯಲ್ಲಿ ಕತ್ತಿ ಇತ್ತು ಅಂತ ಬಿಟ್ಟೆ. ಅವನ ಅಂಗಡಿಯ ಮೇಲೇ ಮನೆ ಖಾಲಿ. ಬೆಳಿಗ್ಗೆ ಕೆಳಗಿಳಿದರೆ ಸಂಜೆ ತನಕ ಹರಟೆ. ಇಷ್ಟು ದಿನ ಈ ದಡದಲ್ಲೇ ಇದ್ದ ನಾನು ಎಂಥ ದಡ್ಡ ಅನ್ನಿಸಿತು. ಅವತ್ತೇ ‘ಆಯ್ತು’ ಅಂದುಬಿಡುತ್ತಿದ್ದೆ, ಗೊಂಚಲು ಆಗಲೇ ಕೈ ಚಾಚಿದ್ದ.

ಆದರೆ ನಿನ್ನ ಚೀಲ ಹೆಗಲಲ್ಲಿತ್ತಲ್ಲ, ಪರೀಕ್ಷೆ ಬಾಕಿಯಿತ್ತು. ಸಂಜೆ ನೀನು ಬರುವ ಹೊತ್ತಿಗೆ ದೋಣಿ ಹತ್ತಿದೆ. ಕೂರಲು ಜಾಗವಿಲ್ಲ. ನಡುನೀರಿಗೆ ಬಂದಾಗ ಗಾಳಿ ಎದ್ದಿತು, ದೋಣಿ ಒಂದು ಪಕ್ಕಕ್ಕೆ ವಾಲಿತು, ಟೋಪಿ ಹಾರಿತು. ಆಗ ನಾನು ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ಕೈ ಹಿಡಿದುಕೊಂಡೆ. ಸುಮ್ಮನೆ ಅಲ್ಲ, ಉಗುರು ನೆಡುವ ಹಾಗೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ದೋಣಿಯಲ್ಲಿ ಹೋದಾಗ ನೀನು ನನ್ನ ಕೈ ಹಿಡಿದಿದ್ದು ಹೀಗೇ. ದಡ ಮುಟ್ಟಿದ ಮೇಲೆ ನನ್ನ ಕೈ ಮೇಲಿನ ಗುರುತು ತೋರಿಸಿ, ನೀರಿಗೆ ಹೆದರುವ ಹೆಣ್ಣು ಅಂತ ಊರಿಗೆಲ್ಲ ಹೇಳಿ ನಗಿಸಿದ್ದೆ. ಈ ಹೆಂಗಸು ನನ್ನ ಬಗ್ಗೆ ಯಾರಿಗೂ ಹೇಳಲಿಲ್ಲ. ‘ಆಯ್ತು ಅಜ್ಜ, ದಡ ಬಂತು’ ಅಂದಳು, ಅಷ್ಟೆ.

ಮೂರನೆಯದು ರೈಲಿನ ಬಡಾವಣೆ. ಹಗಲು ಹೋದೆ. ಒಂದು ನರಪಿಳ್ಳೆ ಇಲ್ಲ! ಉದ್ದ ಗಲ್ಲಿ, ಎರಡೂ ಕಡೆ ಒಂದೇ ಅಚ್ಚಿನ ಮನೆಗಳು, ಎಲ್ಲ ಬಾಗಿಲಿಗೂ ಬೀಗ. ಇಡೀ ಬೀದಿಯೇ ನದಿ ದಾಟಿ ಕೆಲಸಕ್ಕೆ ಹೋಗಿತ್ತು. ಮೀಸೆ ಮೇಷ್ಟ್ರನ್ನು ಒಂದು ನಾಯಿಯ ಹತ್ತಿರ ಕೇಳಿದೆ, ಅದೂ ಆಕಳಿಸಿತು. ಅಲ್ಲಿರುವವರೆಲ್ಲ ಬೀಗರು ಕಣೇ, ನೆಂಟಸ್ತಿಕೆಯಿಂದಲ್ಲ, ಬೀಗ ಹಾಕಿಕೊಂಡು ಹೋದದ್ದರಿಂದ. ‘ಇಲ್ಲಿ ನಾನು ಹಗಲೆಲ್ಲ ಯಾರ ಜೊತೆ ಮಾತಾಡ್ಲಿ, ಗೋಡೆ ಜೊತೆಯಾ?’ ಅಂದೆ. ಗೊಂಚಲು, ‘ಗೋಡೆ ಗಟ್ಟಿಯಾಗಿದೆ ಸಾರ್’ ಅಂದ. ಗಲ್ಲಿಯ ಕೊನೆಯ ಮನೆ ಖಾಲಿ ಇತ್ತು. ಬೀಗದ ಕೈ ಕೊಟ್ಟು, ‘ನಿಧಾನಕ್ಕೆ ನೋಡಿ, ನಾಳೆ ವಾಪಸ್ ಕೊಡಿ’ ಅಂತ ಹೊರಟುಹೋದ.

ನಾನು ಪೇಟೆಗೆ ಹೋಗಿ ಸಂಜೆ ನಿನ್ನ ಹೊತ್ತಿನ ರೈಲಿಗೆ ಅಲ್ಲಿಗೆ ಮತ್ತೆ ಬಂದೆ. ಕೂರಲು ಜಾಗ ಸಿಕ್ಕಿತು. ಇಳಿದಾಗ ಕತ್ತಲಾಗುತ್ತಿತ್ತು. ಗಲ್ಲಿಯ ಜನ ಒಂದು ಸಾಲಾಗಿ ನಡೆದರು, ನಾನೂ ಬೆನ್ನಿಗೆ ಬಿದ್ದೆ. ಮುಂದೆ ಟೈ ಕಟ್ಟಿದ ಯುವಕ, ಉದ್ದ ಕಾಲಿನವನು. ನನಗೆ ಉಸಿರು ಹಿಡಿದು ಹಿಂದೆ ಬಿದ್ದಾಗ ಅವನು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ, ನಾನು ಹತ್ತಿರ ಬಂದ ಮೇಲೆ ಏಳುತ್ತಿದ್ದ. ಮೂರನೇ ಸಲ ಬಗ್ಗಿದಾಗ ಸರಿಯಾಗಿ ನೋಡಿದೆ. ಆ ಬೂಟಿಗೆ ಲೇಸೇ ಇಲ್ಲ. ಒಬ್ಬೊಬ್ಬರೇ ತಮ್ಮ ತಮ್ಮ ಗೇಟಿನಲ್ಲಿ ನಿಂತರು, ಒಳಗೆ ಮಾತ್ರ ಹೋಗಲಿಲ್ಲ. ನಾನು ಕೊನೆಯ ಮನೆಯ ಬೀಗ ತೆಗೆದು ಒಳಗೆ ಹೋಗಿ, ಲೈಟು ಹಾಕಿ, ಗೋಡೆ ತಟ್ಟಿ ನೋಡುತ್ತಿದ್ದೆ. ಹೊರಗಿನಿಂದ ಒಂದು ಗಂಟಲು: ‘ರೀ ಯಜಮಾನ್ರೇ! ಲೈಟು ಎರಡು ಸಲ ಆರಿಸಿ ಹಾಕ್ರೀ!’

ಹೊರಗೆ ಬಂದು ನೋಡಿದರೆ ಪಕ್ಕದ ಗೇಟಿನಲ್ಲಿ ದಪ್ಪನೆಯ ಹೆಂಗಸು, ಹಲ್ಲಿನ ಡಾಕ್ಟರ ಹತ್ತಿರ ನರ್ಸಂತೆ. ಅವಳ ಹಿಂದೆ ಗಲ್ಲಿ ಪೂರ್ತಿ ಗೇಟು ಗೇಟಿನಲ್ಲಿ ನಿಂತುಕೊಂಡಿದೆ, ನನ್ನನ್ನೇ ನೋಡುತ್ತಾ. ‘ಕೊನೆ ಮನೆಯವ್ರು ಒಳಗೆ ಸೇರಿದ್ದು ಗೊತ್ತಾಗದೆ ನಾನು ಒಳಗೆ ಹೋಗಲ್ಲ, ನಾನು ಹೋಗದೆ ಆಚೆಮನೆ ಅಡುಗೆಯವ್ರು ಹೋಗಲ್ಲ, ಹೀಗೇ ಆ ತುದಿವರೆಗೂ. ಮೊದಲಿಂದ ಇಲ್ಲಿ ಹೀಗೇನೇ.’ ಗಲ್ಲಿಯ ಆ ತುದಿಯಿಂದ ಯಾರೋ ‘ಹಸಿವಾಗ್ತಿದೆ ಸ್ವಾಮೀ, ಬೇಗ!’ ಅಂತ ಕೂಗಿದರು. ನಾನು ಓಡಿಹೋಗಿ ಎರಡು ಸಲ ಆರಿಸಿ ಹಾಕಿದೆ. ಕೂಡಲೇ ಟಪ, ಟಪ, ಟಪ ಅಂತ ಬಾಗಿಲುಗಳು ಮುಚ್ಚಿಕೊಳ್ಳುತ್ತಾ ಹೋದವು. ಕೇಳಬೇಕೆಂದುಕೊಂಡಿದ್ದ ಮೀಸೆ ಮೇಷ್ಟ್ರು ನೆನಪಿಗೇ ಬರಲಿಲ್ಲ.

ಅಕ್ಷರ ಅಲ್ಲಲ್ಲಿ ಅಲುಗಾಡಿದೆ, ಅದನ್ನು ನೋಡಿ ಹೆದರಬೇಡ. ಬೋರ್ಡು ಬರೆಯುವವನ ಕೈಗೂ ವಯಸ್ಸಾಗುತ್ತದೆ.

ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ. ಮಾತಾಡುವ ಡಬ್ಬಿ, ನನಗೆ ತಕ್ಕ ಕ್ಷೌರಿಕ, ಹಗಲೆಲ್ಲ ಬೀಗ. ಯಾವುದು ಅಂತ ನೀನೇ ಯೋಚನೆ ಮಾಡು, ಅವಸರವಿಲ್ಲ ಅಂತ ಬರೆಯೋಣವೆಂದುಕೊಂಡೆ. ಅವಸರ ಇದೆ. ನಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳು. ಅವರು ಕೋಲಿಲ್ಲದೆ ನಡೆಯುವ ದಿನ ಆ ಕೋಲನ್ನು ನನಗಾಗಿ ಎತ್ತಿಡು, ನೀನು ಬಂದ ಮೇಲೆ ಹೇಗೂ ಬೇಕಾಗುತ್ತದೆ. ನಿನ್ನ ಮಂಡಿಗೆ, ನಿನ್ನ ಕೋಪಕ್ಕೆ, ನಿನಗೆ, ಮೂರಕ್ಕೂ ನನ್ನ ಪ್ರೀತಿ.

ಇಂತು, ಟೋಪಿ ಹೋದರೂ ಟೋಪಿ ಹಾಕುವುದು ಬಿಡದ,
ನಿನ್ನ ಇವರು

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಮೇಲೆ ಬರೆದ ವಿಳಾಸ ಸುಳ್ಳು. ನಾನು ಈಗ ಕೂತಿರುವುದು ಗಲ್ಲಿಯ ಕೊನೆಯ ಮನೆಯಲ್ಲಿ. ಅಕ್ಷರ ಅಲುಗಾಡಿದ್ದು ವಯಸ್ಸಿಗಲ್ಲ, ರೈಲು ಹೋದಾಗ. ಬೀಗದ ಕೈ ಮಾರನೇ ದಿನ ವಾಪಸ್ ಕೊಡಲೇ ಇಲ್ಲ, ಗೊಂಚಲಿನ ಹತ್ತಿರ ರುಜು ಹಾಕಿ ಮನೆ ಹಿಡಿದುಬಿಟ್ಟೆ. ಇದೊಂದು ಮಾತ್ರ ಆಟವಲ್ಲ. ನಿನ್ನ ಹೊಲಿಗೆ ಮೆಷೀನೂ ಬಂದಾಗಿದೆ, ಸ್ಟೇಷನ್ನಿನಿಂದ ಆ ಟೈ ಹುಡುಗನೇ ಹೊತ್ತು ತಂದ, ಅವನಿಗೀಗ ‘ಟೈ’ ಅಂತಲೇ ಹೆಸರು. ಬೆಳಕು ಬೀಳುವ ಕಿಟಕಿಯ ಕೆಳಗೇ ಇಟ್ಟಿದ್ದೇನೆ. ಕ್ಷೌರದಂಗಡಿಗೆ ಬೇಕೆನಿಸಿದಾಗ ನಾನೇ ಹೋಗಿ ಬರುತ್ತೇನೆ, ಅದರ ಸಲುವಾಗಿ ನಿನ್ನನ್ನಂತೂ ದಿನಾ ದೋಣಿ ಹತ್ತಿಸುವುದಿಲ್ಲ.

ಇನ್ನೊಂದಿದೆ. ಸಾಮಾನು ತಂದಿಟ್ಟ ಸಂಜೆ ನರ್ಸಮ್ಮ ಬೇಲಿಯ ಮೇಲಿಂದ ‘ಒಬ್ರೇನಾ?’ ಅಂತ ಕೇಳಿದಳು. ‘ಹೌದು’ ಅನ್ನಲು ನಾಲಗೆ ಹೊರಳಲಿಲ್ಲ. ‘ಇಲ್ಲ, ನಮ್ಮನೆಯವಳೂ ಬಂದಿದಾಳೆ, ಒಳಗೆ ಮಲಗಿದಾಳೆ, ಕೆಮ್ಮು’ ಅಂದುಬಿಟ್ಟೆ. ಅವತ್ತಿನಿಂದ ನಿನ್ನ ಕೆಮ್ಮು ಗಲ್ಲಿಗೆಲ್ಲ ಹಬ್ಬಿದೆ. ಟೈ ದಿನವೂ ‘ಆಂಟಿಗೆ ಹೇಗಿದೆ?’ ಅಂತಾನೆ, ನರ್ಸಮ್ಮ ಔಷಧಿ ಬಾಟಲಿ ಕೊಟ್ಟಿದ್ದಾಳೆ, ನಾನೇ ಕುಡಿದು ಮುಗಿಸುತ್ತಿದ್ದೇನೆ. ಸಂಜೆ ಒಂದಿಷ್ಟು ಹೊತ್ತು ದಾರ ಹಾಕದೆ ನಿನ್ನ ಮೆಷೀನು ತುಳಿಯುತ್ತೇನೆ, ಒಳಗೆ ನೀನಿದ್ದೀಯ ಅಂತ ಅವರಿಗೆ ಕೇಳಿಸಲಿ ಅಂತ. ನನಗೂ ಕೇಳಿಸಲಿ ಅಂತ. ನರ್ಸಮ್ಮ ಭಾನುವಾರ ನಿನ್ನನ್ನು ನೋಡಲು ಬರುತ್ತಾಳಂತೆ, ನನ್ನ ಹತ್ತಿರ ಇನ್ನು ಸುಳ್ಳು ಉಳಿದಿಲ್ಲ. ಶನಿವಾರ ಸಂಜೆಯ ರೈಲಿಗೆ ಬಂದುಬಿಡು. ಪ್ಲಾಟ್‌ಫಾರ್ಮಿನಲ್ಲಿ ಗಲ್ಲಿಯವರೆಲ್ಲ ಇರುತ್ತಾರೆ, ಇಳಿದ ಕೂಡಲೇ ಸ್ವಲ್ಪ ಕೆಮ್ಮು.