ಹಾಜರಿಯಲ್ಲಿ ಅತ್ತೆಯ ಹೆಸರು

ಅಕ್ಕಾ,

ನಮ್ಮ ತವರೂರು ಓಶ್‌ನಲ್ಲಿ ಇನ್ನೂ ಬಿಸಿಲಿರಬೇಕು. ಇಲ್ಲಿ ಗಂಡನ ಊರು ನಾರಿನ್‌ನಲ್ಲಿ ಆಗಲೇ ಬೆಟ್ಟಕ್ಕೆ ಹಿಮ ಬಿದ್ದಿದೆ. ಬೆಳಗಾಗುವ ಮೊದಲೇ ಹಾಲು ಕರೆದು, ಮನೆಮಂದಿಗೆಲ್ಲ ಚಹಾ ಬಗ್ಗಿಸಿ ಶಾಲೆಗೆ ಓಡುವಷ್ಟರಲ್ಲಿ ಸುಸ್ತಾಗಿರುತ್ತೇನೆ. ಹೊಸ ಸೊಸೆಯೂ ನಾನೇ, ಹೊಸ ಟೀಚರೂ ನಾನೇ.

ಮೊದಲ ದಿನ ಒಂದನೇ ಕ್ಲಾಸಿನ ಮಕ್ಕಳು ಡೇರೆ ಹೂ ಹಿಡಿದು ಕೂತಿದ್ದರು. ಹಾಜರಿ ಕರೆಯುತ್ತಾ ಹೋದವಳು ಒಂದು ಹೆಸರಿಗೆ ನಿಂತುಬಿಟ್ಟೆ. ನಮ್ಮತ್ತೆಯದೇ ಹೆಸರು! ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. ಇಲ್ಲಂತೂ ಬಲು ಕಟ್ಟುನಿಟ್ಟು. ಬರೆಯಲೂ ಭಯ. ಟಪಾಲಿನವಳು ಅತ್ತೆಯ ತಂಗಿ, ಕಾರ್ಡು ಓದದೆ ಬಿಡುವವಳಲ್ಲ. ಆ ಹೆಸರೊಂದನ್ನು ಬಿಟ್ಟು ಉಳಿದವರನ್ನೆಲ್ಲ ಕರೆದು, "ಇನ್ಯಾರಮ್ಮ ಉಳಿದದ್ದು?" ಎಂದೆ.

ಒಬ್ಬಳು ಎದ್ದಳು. "ಅಕ್ಕೋರೇ, ನಂದು ನಮ್ಮಪ್ಪನ ಅಮ್ಮನ ಹೆಸರು. ಅದಕ್ಕೇ ಅಮ್ಮ ಬರೀ 'ಏ ಇವಳೇ' ಅಂತಾಳೆ. ಶಾಲೇಲಾದ್ರೂ ಹೆಸರು ಹಿಡಿದು ಕರೀತಾರೆ ಅಂದ್ಕೊಂಡಿದ್ದೆ."

ಗಟ್ಟಿಯಾಗಿ ಕರೆದೆ, ಅಕ್ಕಾ. "ಹಾಜರ್!" ಎಂದು ಗೋಡೆ ಅದುರುವಂತೆ ಕೂಗಿದಳು.

ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿತ್ತು. "ಬಂದು ತಿಂಗಳಾಗ್ಲಿಲ್ಲ, ಆಗ್ಲೇ ನನ್ನ ಹೆಸರು ಊರಿಗೆಲ್ಲಾ ಕೇಳೋ ಹಾಗೆ ಕೂಗಿದ್ಯಂತೆ?" ಎಂದ ಅತ್ತೆ ಅಂದಿನಿಂದ ಮಾತು ಬಿಟ್ಟಿದ್ದಾರೆ.

ಕೆಮ್ಮು ಹೋಗಿಲ್ಲ, ಉಣ್ಣೆಯ ಕಾಲುಚೀಲ ಕಳಿಸು. ಗಂಟೆ ಹೊಡೆಯಿತು, ಹಾಜರಿ ಕರೆಯಬೇಕು.

ಆ ಮಗುವಿನ ಹೆಸರು ಬುರುಲ್. ಟಪಾಲಿನವಳು ಓದಿಕೊಳ್ಳಲಿ.

ನಿನ್ನ ತಂಗಿ,
ನಾಜಿರಾ