ಭಾನುವಾರದ ಕೆಂಡ

ಸೆಪ್ಟೆಂಬರ್ 18, ಸೋಮವಾರ

ಬೀನ್ಸ್ ಒಲೆ ಮೇಲಿಟ್ಟಿದ್ದೆ, ಕ್ಲಿನಿಕ್‌ನಿಂದ ಪರೀಕ್ಷೆಯವಳು ಬಂದಳು. ಚಿನ್ನದ ಕೂದಲಿನ ಹುಡುಗಿ. ನನ್ನ ಗಂಡ ಅನ್ಸೆಲ್ಮೊಗೆ ಈಚೆಗೆ ಮರೆವು, ಅದಕ್ಕೆ. ಅವಳು ಇಂಗ್ಲಿಷಲ್ಲಿ ಕೇಳೋದು, ಮಗಳು ಯೆಸೇನಿಯಾ ನಮಗೆ ಹೇಳೋದು. ಅಡುಗೆ ಮಾಡಿಕೊಳ್ತಾರಾ? ಬಟ್ಟೆ ಒಗೀತಾರಾ? ನನಗೆ ನಗು.

"ನಾನು ಬದುಕಿರೋವಾಗ ಅವರ್ಯಾಕಮ್ಮ ಸೌಟು ಹಿಡೀಬೇಕು?"

ಇಲ್ಲ, ಇಲ್ಲ, ಇಲ್ಲ — ಎಲ್ಲಕ್ಕೂ ಜಂಬದಿಂದಲೇ ಹೇಳಿದೆ. ಬರೆದುಕೊಂಡು ಹೋದಳು. ಕೊಟ್ಟ ಕಾಫಿ ಮುಟ್ಟಲಿಲ್ಲ.

ಸೆಪ್ಟೆಂಬರ್ 22, ಶುಕ್ರವಾರ

ಕ್ಲಿನಿಕ್‌ನಿಂದ ಫೋನು. ಯೆಸೇನಿಯಾ ಮಾತಾಡಿ ಇಟ್ಟಳು. ಆಮೇಲೆ, "ಅಮ್ಮ, ಅಪ್ಪಂಗೆ ಏನೂ ಬರಲ್ಲ ಅಂತ ರಿಪೋರ್ಟು. ವಯಸ್ಸಾದವರ ಹೋಮ್‌ಗೆ ಸೇರಿಸಿ ಅಂತಿದಾರೆ."

ಬರಲ್ಲ ಅಲ್ಲ, ಮಾಡಲ್ಲ! ನಾನು ಮಾಡಲು ಬಿಟ್ಟರೆ ತಾನೆ... ನನ್ನ ಜಂಬ ಅವರ ಕುತ್ತಿಗೆಗೆ ಬಂತು. ಇನ್ನೊಂದು ಪರೀಕ್ಷೆ ಮಾಡಲೇಬೇಕು ಅಂತ ಕ್ಲಿನಿಕ್‌ಗೆ ಹೋಗಿ ಜಗಳ ಆಡಿಬಂದೆ. ಕೂತಲ್ಲಿ ಕೂರಲು ಆಗುತ್ತಿಲ್ಲ. ಒರೆಸಿದ ಮೇಜನ್ನೇ ಒರೆಸುತ್ತಿದ್ದೇನೆ.

ಅಕ್ಟೋಬರ್ 10, ಮಂಗಳವಾರ

ಕೊನೆಗೂ ಬಂದಳು, ಬೇರೆಯವಳು. ಒಫೇಲಿಯಾ. ನಮ್ಮವಳೇ, ಮೆಕ್ಸಿಕೋ ಗಡಿಯ ಲರೇಡೋ ಕಡೆಯವಳು, ಸ್ಪ್ಯಾನಿಷ್‌ನಲ್ಲೇ ಮಾತು. ಕಾಫಿ ಕುಡಿದಳು, ಸಿಹಿ ಬ್ರೆಡ್ ಕೇಳಿ ಹಾಕಿಸಿಕೊಂಡಳು. ಸೌಟಿನ ಸುದ್ದಿಯೇ ಎತ್ತಲಿಲ್ಲ.

"ಈ ಮನೇಲಿ ಯಜಮಾನರ ಕೆಲಸ ಯಾವ್ದು, ದೊನ್ಯಾ?" ಮನೆಯೊಡತಿಯನ್ನು ಕರೆಯೋ ಹಾಗೆ ಮರ್ಯಾದೆಯಿಂದ ಕರೆದಳು.

ಭಾನುವಾರದ ಮಾಂಸ, ಅಂದೆ. ಸೌದೆ ಜೋಡಿಸೋದು, ಕೆಂಡ ಮಾಡೋದು, ಸುಡೋದು. ಬೇರೆ ಯಾರಾದರೂ ಇಕ್ಕಳ ಮುಟ್ಟಿದರೆ ಸೂರು ಕಿತ್ತುಹೋಗೋ ಹಾಗೆ ಕೂಗುತ್ತಾರೆ.

"ಹಾಗಾದ್ರೆ ಭಾನುವಾರ ಬರ್ತೀನಿ. ಯಾರೂ ಕೈ ಹಾಕ್ಬೇಡಿ."

ಗೆದ್ದೆವು! ಯೆಸೇನಿಯಾ ಮುಖ ಮಾತ್ರ ಸಪ್ಪಗೆ. "ಅಮ್ಮ, ಈಚೆಗೆ ಬೆಂಕಿ ಹಚ್ತಿರೋದು ನನ್ ಗಂಡ" ಅಂದಳು. ಅಳಿಯ ಒಂಚೂರು ಕೈಜೋಡಿಸ್ತಾನೆ, ಅಷ್ಟೆ. ಬಾಯಿ ಮುಚ್ಚಿಸಿದೆ.

ಅಕ್ಟೋಬರ್ 15, ಭಾನುವಾರ, ಸಂಜೆ

ಹಿತ್ತಲಲ್ಲಿ ಎಲ್ಲರೂ. ಯಜಮಾನರದು ಒಳ್ಳೆ ಹ್ಯಾಟು, ಇಸ್ತ್ರಿ ಶರ್ಟು. ಸೌದೆ ಜೋಡಿಸಿದರು — ಎಷ್ಟು ಚೆಂದ! ಜಾಲರಿ ಇಟ್ಟರು. ಮಾಂಸಕ್ಕೆ ನಿಂಬೆ ಹಿಂಡಿ ಮೇಲೆ ಹರಡಿದರು.

ಬೆಂಕಿ ಹಚ್ಚಿರಲಿಲ್ಲ.

ನಿಂತು ತಿರುವಿದರು, ಹೊಗೆ ತಾಗಿದವರ ಹಾಗೆ ಕಣ್ಣು ಕಿರಿದು ಮಾಡಿ. ಅಳಿಯ ಎದ್ದ. ನಾನೇ ಎಳೆದು ಕೂರಿಸಿದೆ. ಈಗ ಹಚ್ಚುತ್ತಾರೆ, ಈಗ...

ಮೊದಲ ತುಂಡು ಅತಿಥಿಗೆ. ಅದನ್ನು ಮರೆತಿಲ್ಲ. ನಾನು ಒಳಗಿಂದ ತಂದ ಬಿಸಿ ಟೊರ್ಟಿಯಾ ರೊಟ್ಟಿ ಮೇಲೆ ಹಸಿ ಮಾಂಸ. "ತಿನ್ನಮ್ಮ, ಚೆನ್ನಾಗ್ ಬೆಂದಿದೆ. ಏನೇ ಮುದುಕಿ, ಸಾಲ್ಸಾ ಹಾಕು ಇವಳಿಗೆ."

ಒಫೇಲಿಯಾ ಎರಡೂ ಕೈಯಲ್ಲಿ ತಟ್ಟೆ ತಗೊಂಡಳು. ಏನೂ ಬರೆದುಕೊಳ್ಳಲಿಲ್ಲ. ಹಿಂದಿನವಳನ್ನಾದರೆ ಬಾಯಿ ತುಂಬ ಬೈದಿದ್ದೆ. ಇವಳನ್ನು ಏನಂತ ಬೈಯಲಿ? ಸರಿಯಾದದ್ದನ್ನೇ ಕೇಳಿದಳು.

ಕೊನೆಗೆ ಅಳಿಯನೇ ಸೌದೆಗೆ ಬೆಂಕಿ ಇಟ್ಟ. ಅವರು ಸ್ವಲ್ಪ ಹೊತ್ತು ನೋಡಿದರು. ಮೆಲ್ಲಗೆ ನನ್ನ ಹತ್ತಿರ ಬಂದರು.

"ಮುದುಕಿ, ನನ್ ಕೆಲ್ಸ ಅವನ್ಯಾಕೆ ಮಾಡ್ತಿದಾನೆ?"

ನಾನಂದೆ, ಏನಿಲ್ಲ ರೀ, ನಿಮಗೆ ಒಂಚೂರು ಕೈಜೋಡಿಸ್ತಿದಾನೆ, ಅಷ್ಟೆ.